ತುಂಬಿಸುವವರ ಲೆಕ್ಕ

ಕಡಿಮೆಯಾದದ್ದನ್ನು ತುಂಬಿಸಿಬಿಡುವುದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡದೆ ಬಂದ ವಿದ್ಯೆ. ಸಾರು ಸಾಲದಿದ್ದರೆ ಒಂದು ಚೊಂಬು ನೀರು, ಅನ್ನ ಸಾಲದಿದ್ದರೆ ತನ್ನ ಬಟ್ಟಲಿನದು, ದುಡ್ಡು ಸಾಲದಿದ್ದರೆ ಸಾಸಿವೆ ಡಬ್ಬಿಯ ತಳದಲ್ಲಿ ಮಡಚಿಟ್ಟ ನೋಟು. ಹೀಗೆ ತುಂಬಿಸುತ್ತಲೇ ಹೋಗುವವಳನ್ನು ಊರು ಸಹನೆಯ ಮೂರ್ತಿ ಎಂದು ಹೊಗಳುತ್ತದೆ. ಆ ಹೊಗಳಿಕೆ ಸರಿಯೇ ಎಂದು ನನಗೆ ಬಹಳ ದಿನದಿಂದ ಅನುಮಾನ. ಕೊರತೆಯನ್ನು ಸದ್ದಿಲ್ಲದೆ ತುಂಬಿಕೊಡುವುದು ಒಳ್ಳೆಯ ಗುಣವೇ, ಅಥವಾ ಕೊರತೆ ಎಲ್ಲಿಂದ ಬಂತು ಎಂದು ಯಾರೂ ನೋಡದೆ ಇರುವುದಕ್ಕೆ ಅದೊಂದು ನೆವವೇ?

ಇಂಥ ಪ್ರಶ್ನೆಗಳಿಗೆ ಉತ್ತರ ಬೇಕಾದಾಗ ಜನ ಪುರಾಣದ ಪತಿವ್ರತೆಯರ ಕಡೆಗೆ ಹೋಗುತ್ತಾರೆ. ನಾನು ಹಳೆಯ ಡೀಸೆಲ್ ಬಸ್ಸಿನ ಕಡೆಗೆ ಹೋಗುತ್ತೇನೆ. ನಗಬೇಡಿ. ನನ್ನ ಅಣ್ಣ ಚಾರ್ಮಾಡಿ ಘಟ್ಟದ ಬುಡದ ಪೇಟೆಯೊಂದರಲ್ಲಿ ಗ್ಯಾರೇಜು ಇಟ್ಟಿದ್ದ. ಅಲ್ಲಿ ಕೆಲವು ವರ್ಷ ಲೆಕ್ಕ ಬರೆಯುತ್ತ ಕೂತವಳು ನಾನು. ಬೇಸಗೆ ಬಂತೆಂದರೆ ವಾರಕ್ಕೊಬ್ಬ ಡ್ರೈವರ್ ಬಂದು ಒಂದೇ ಮಾತು ಹೇಳುತ್ತಿದ್ದ: "ಅಣ್ಣ, ಎಂಜಿನ್ ನೀರು ಕುಡೀತದೆ."

ಎಂಜಿನ್ ಒಳಗೆ ಉರಿಯುವ ಡೀಸೆಲ್ಲಿನ ಶಕ್ತಿಯೆಲ್ಲ ಚಕ್ರಕ್ಕೆ ಹೋಗುವುದಿಲ್ಲ. ಸುಮಾರು ಮೂರನೆಯ ಒಂದು ಪಾಲು ಮಾತ್ರ ಬಸ್ಸನ್ನು ಎಳೆಯುತ್ತದೆ. ಇನ್ನೊಂದು ಪಾಲು ಹೊಗೆಯ ಜತೆ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದನ್ನು ಹೊತ್ತು ಸಾಗಿಸುವುದು ನೀರು. ಎಂಜಿನ್ನಿನ ಗೋಡೆಯೊಳಗಿನ ಪೊಳ್ಳುಗಳಲ್ಲಿ ಸುತ್ತಿ, ಬಿಸಿಯನ್ನು ಹೀರಿ, ಮುಂದಿನ ರೇಡಿಯೇಟರಿಗೆ ಬಂದು, ಗಾಳಿಗೆ ತಣಿದು, ಮತ್ತೆ ಒಳಗೆ ಹೋಗುವುದು ಅದರ ದಿನಚರಿ. ಕೆಲಸ ಮಾಡುವಾಗ ಅದರ ಬಿಸಿ 80ರಿಂದ 90 ಡಿಗ್ರಿಯ ಆಸುಪಾಸು. ಕೊಟ್ಟಿಗೆಹಾರದ ಕಡೆಗೆ ಹತ್ತುವ ಬಸ್ಸಿಗೆ ಇನ್ನೂ ಒಂದು ತೊಂದರೆ ಇದೆ. ಪ್ರತಿ 300 ಮೀಟರ್ ಮೇಲೇರಿದಾಗ ನೀರು ಸುಮಾರು ಒಂದು ಡಿಗ್ರಿ ಮೊದಲೇ ಕುದಿಯುತ್ತದೆ. ಅದಕ್ಕೇ ರೇಡಿಯೇಟರಿನ ಮುಚ್ಚಳಕ್ಕೆ ಸ್ಪ್ರಿಂಗ್ ಇಟ್ಟು, ನಮ್ಮ ಪ್ರೆಶರ್ ಕುಕ್ಕರಿನ ಹಾಗೆ ಒತ್ತಡ ಕಟ್ಟುತ್ತಾರೆ. ಮುಚ್ಚಳದ ರಬ್ಬರ್ ಸತ್ತರೆ ಬೇರೆಲ್ಲೂ ತೂತಿಲ್ಲದೆಯೂ ನೀರು ಉಕ್ಕಿ ಹೋಗುತ್ತದೆ.

ನೀರು ಕಡಿಮೆಯಾಗುವ ದಾರಿ ಎರಡು: ಹೊರಗೆ ಮತ್ತು ಒಳಗೆ. ಹೊರಗೆ ಸೋರುವುದು ಸಡಿಲವಾದ ಕ್ಲಿಪ್ಪಿನಲ್ಲಿ, ಬಿರಿದ ಹೋಸ್ ಪೈಪಿನಲ್ಲಿ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ. ಇದನ್ನು ಕಂಡುಹಿಡಿಯುವುದು ಸುಲಭ ಅನ್ನಿಸಬಹುದು, ಸುಲಭವಲ್ಲ. ಕಾದ ಎಂಜಿನ್ನಿನ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಉಳಿಯುವುದು ಒಣಗಿದ ಕಣ್ಣೀರಿನಂಥ ಒಂದು ಬಿಳಿ ಕಲೆ ಅಥವಾ ತುಕ್ಕಿನ ಗೆರೆ. ಆದ್ದರಿಂದ ಅಣ್ಣ ಬಸ್ಸನ್ನು ಸಂಜೆ ನಿಲ್ಲಿಸಿ, ಅಡಿಗೆ ರಟ್ಟು ಹಾಸಿ, ತಣಿದ ಮೇಲೆ ಕೈಪಂಪಿನಿಂದ ಒತ್ತಡ ಕೊಟ್ಟು, ಬೆಳಿಗ್ಗೆ ನೋಡುತ್ತಿದ್ದ. "ಬಿಸಿಯಲ್ಲಿ ನೋಡಿದರೆ ಏನೂ ಕಾಣುವುದಿಲ್ಲ. ಅದು ತಣಿಯಬೇಕು, ನಾವೂ ತಣಿಯಬೇಕು," ಎನ್ನುವುದು ಅವನ ಮಾತು.

ಒಳಗೆ ಸೋರುವುದು ಹೆಚ್ಚು ಕಷ್ಟದ ಸಂಗತಿ. ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಸುಟ್ಟಿದ್ದರೆ ನೀರು ಉರಿಯುವ ಕೋಣೆಗೆ ನುಗ್ಗಿ ಸೈಲೆನ್ಸರಿನಲ್ಲಿ ಬಿಳಿ ಹೊಗೆಯಾಗಿ ಹೋಗುತ್ತದೆ. ಎಣ್ಣೆಯ ಕಡೆ ಹೋದರೆ ಅಳತೆಯ ಕಡ್ಡಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ ಕಾಣುತ್ತದೆ, ಎಣ್ಣೆಯ ಮಟ್ಟವೂ ಏರಿರುತ್ತದೆ. ಒಂದು ಕಡೆ ಕಡಿಮೆಯಾದದ್ದು ಇನ್ನೊಂದು ಕಡೆ ಹೆಚ್ಚಾಗಿ ಕಾಣಿಸುವುದುಂಟು. ನೋಡುವವರು ಎರಡನ್ನೂ ನೋಡಬೇಕಷ್ಟೆ.

ಇನ್ನು ತುಂಬಿಸುವ ವಿಷಯ. ನೀರು ಹೋದರೆ ನೀರು ಹಾಕಿದರಾಯಿತು, ಅದರಲ್ಲೇನು ತಪ್ಪು ಎಂದು ಕೇಳುವ ಧಣಿಗಳಿಗೆ ಅಣ್ಣ ಹೇಳುತ್ತಿದ್ದ ಉತ್ತರ ನನಗೆ ಇಂದಿಗೂ ನೆನಪಿದೆ. ಬರಿದಾಗಿ ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರಿಯಬಹುದು, ಉರಿಯುವ ಒಲೆಯ ಮೇಲಿನ ಗಾಜಿನ ಪಾತ್ರೆಗೆ ನೀರು ಬಿದ್ದ ಹಾಗೆ. ಪ್ರತಿ ಸಲ ಹೊಸ ನೀರು ಹಾಕಿದಾಗ ಅದರ ಜತೆ ಹೊಸ ಗಡಸುತನವೂ ಹೊಸ ಗಾಳಿಯೂ ಒಳಗೆ ಹೋಗುತ್ತವೆ. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿ ಪದರ ಅಲ್ಲಿಯೂ ಕಟ್ಟುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ತಡೆಯಲು ಹಾಕಿದ ಕೂಲೆಂಟ್ ತೆಳುವಾಗುತ್ತ ಕೊನೆಗೆ ಹೆಸರಿಗಷ್ಟೇ ಉಳಿಯುತ್ತದೆ. ಸೋರಿಕೆಗೆ ಅರಿಶಿನ ಪುಡಿ ಹಾಕುವ ಮದ್ದೂ ಉಂಟು. ನಮ್ಮ ಅಡುಗೆಮನೆಯ ಅರಿಶಿನವೇ! ಗಾಯಕ್ಕೆ ಮೆತ್ತಿದ ಹಾಗೆ ಸಣ್ಣ ತೂತನ್ನು ಅದು ಮುಚ್ಚುತ್ತದೆ, ಊರು ತಲಪುವವರೆಗೆ ಆಪದ್ಬಾಂಧವ. ಅದನ್ನೇ ನೆಚ್ಚಿ ತಿಂಗಳುಗಟ್ಟಲೆ ಓಡಿಸಿದರೆ ರೇಡಿಯೇಟರಿನ ಸಣ್ಣ ಕೊಳವೆಗಳೂ ಮುಚ್ಚಿಹೋಗುತ್ತವೆ.

ಎಲ್ಲಕ್ಕಿಂತ ನನ್ನನ್ನು ಬೆಚ್ಚಿಸಿದ್ದು ಡ್ರೈವರಿನ ಮುಂದಿರುವ ಬಿಸಿ ತೋರಿಸುವ ಮುಳ್ಳಿನ ವಿಷಯ. ಆ ಮುಳ್ಳಿನ ತುದಿ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ನಿಜ ಹೇಳುತ್ತದೆ. ನೀರು ಅದಕ್ಕಿಂತ ಕೆಳಗೆ ಇಳಿದರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಇಳಿದು ಸುಮ್ಮನಾಗಬಹುದು. ಡ್ರೈವರ್, "ಈಗ ಪರವಾಗಿಲ್ಲ, ತಣಿಯಿತು," ಎಂದುಕೊಳ್ಳುತ್ತಾನೆ. ದಿನಾ ದೂರುತ್ತಿದ್ದ ಸೊಸೆ ಒಂದು ದಿನ ದೂರುವುದನ್ನು ನಿಲ್ಲಿಸಿದರೆ ಮನೆಯವರೆಲ್ಲ, "ಹೊಂದಿಕೊಂಡಳು," ಎಂದು ಸಮಾಧಾನಪಡುವುದನ್ನು ನಾನು ನೋಡಿದ್ದೇನೆ.

1994ರ ಏಪ್ರಿಲ್‌ನಲ್ಲಿ ಘಟ್ಟ ಹತ್ತಿ ಇಳಿಯುವ ಒಂದು ಹಳೆಯ ಬಸ್ಸು ಬಂತು. ಮದುವೆಯ ಕಾಲ, ಬಸ್ಸು ನಿಂತರೆ ದಿನಕ್ಕಿಷ್ಟು ನಷ್ಟ. ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿದರೆ ರೇಡಿಯೇಟರಿನ ಬಾಯಲ್ಲಿ ಗುಳುಗುಳು ಗುಳ್ಳೆ. ನೋಡಿದವರೆಲ್ಲ, "ಗ್ಯಾಸ್ಕೆಟ್ ಹೋಗಿದೆ, ಹೆಡ್ಡು ಬಿಚ್ಚಬೇಕು," ಎಂದರು. ಧಣಿಗಳು, "ಈಗ ಬೇಡ ಮಾರಾಯ, ಮಳೆಗಾಲಕ್ಕೆ ಬಿಚ್ಚುವ. ಅಲ್ಲಿವರೆಗೆ ನೀರು ಹಾಕಿ ಓಡಿಸಲಿ," ಎಂದರು.

ಅಣ್ಣ ಅವರಿಗೆ ಏನೂ ಹೇಳಲಿಲ್ಲ. ಹಿಂದೆ ಕ್ಯಾನು ಹಿಡಿದು ನಿಂತಿದ್ದ ಕ್ಲೀನರ್ ಹುಡುಗನನ್ನು ಕರೆದ. ಹದಿನೆಂಟೋ ಹತ್ತೊಂಬತ್ತೋ ವಯಸ್ಸು, ಮಣಿಕಟ್ಟಿನ ಮೇಲೆ ಆವಿ ಬಡಿದ ಕಲೆ. "ಎಷ್ಟು ನೀರು ಹಾಕ್ತಿ ನೀನು, ಎಲ್ಲೆಲ್ಲಿ?"

ಹುಡುಗ ಮೊದಲು ಡ್ರೈವರಿನ ಮುಖ ನೋಡಿದ. ಆಮೇಲೆ ಟೂಲ್ ಬಾಕ್ಸಿನ ಮುಚ್ಚಳ ಎತ್ತಿ ತೋರಿಸಿದ. ಒಳಗೆ ಸೀಮೆಸುಣ್ಣದ ಗೀಟುಗಳು. "ಹತ್ತಿ ಹೋದ ಮೇಲೆ ಒಂದು ಕ್ಯಾನ್ ಸಾಕಾಗ್ತದೆ ಅಣ್ಣ. ಇಳಿದು ಬಂದ ಮೇಲೆ ಎರಡು ಬೇಕು."

ಇದು ಉಲ್ಟಾ ಲೆಕ್ಕ. ಗ್ಯಾಸ್ಕೆಟ್ ಹೋದ ಎಂಜಿನ್ ಭಾರ ಎಳೆಯುವಾಗ, ಅಂದರೆ ಹತ್ತುವಾಗ ಹೆಚ್ಚು ನೀರು ಕಳೆಯಬೇಕು. ಇಳಿಯುವಾಗ ಎಂಜಿನ್ನಿಗೆ ಭಾರವಿಲ್ಲ. ಇಳಿಯುವಾಗ ದುಡಿಯುವುದು ಬ್ರೇಕು. ಆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಎಂಬ ಪುಟ್ಟ ಯಂತ್ರ ಎಂಜಿನ್ನಿನ ಪಕ್ಕದಲ್ಲೇ ಇದೆ. ಆ ಬಸ್ಸಿನಲ್ಲಿ ಅದರ ತಲೆಯನ್ನು ತಣಿಸುತ್ತಿದ್ದದ್ದೂ ಇದೇ ನೀರು. ಅಣ್ಣ ಕಂಪ್ರೆಸರಿಗೆ ಹೋಗುವ, ಬರುವ ಎರಡು ನೀರಿನ ಪೈಪುಗಳನ್ನು ಬಿಚ್ಚಿ, ಒಂದಕ್ಕೊಂದು ಜೋಡಿಸಿ, ಎಂಜಿನ್ ಚಾಲೂ ಮಾಡಿಸಿದ. ಗುಳ್ಳೆ ನಿಂತಿತು. ಕಂಪ್ರೆಸರಿನ ಗ್ಯಾಸ್ಕೆಟ್ ಹರಿದು ಬ್ರೇಕಿನ ಗಾಳಿ ನೀರಿನೊಳಗೆ ನುಗ್ಗುತ್ತಿತ್ತು. ಆ ಗಾಳಿ ನೀರನ್ನು ಹೊರಗೆ ದಬ್ಬುತ್ತಿತ್ತು. ಎಲ್ಲರೂ ನೀರಿನ ಕೊರತೆ ಎಂದುಕೊಂಡದ್ದು ನಿಜವಾಗಿ ಬ್ರೇಕಿನ ಗಾಳಿಯ ಕೊರತೆ. ಗಾಳಿಯ ಮುಳ್ಳು ಇತ್ತೀಚೆಗೆ ನಿಧಾನವಾಗಿ ಏರುತ್ತಿತ್ತೆಂದು ಡ್ರೈವರಿಗೆ ಆಗ ನೆನಪಾಯಿತು. ಮಳೆಗಾಲದವರೆಗೆ ನೀರು ಹಾಕಿ ಓಡಿಸುವುದೆಂದರೆ, ಒಂದು ಬಸ್ಸಿನಷ್ಟು ಜನರನ್ನು ಕೂರಿಸಿಕೊಂಡು ದಿನಾ ಕ್ಷೀಣಿಸುವ ಬ್ರೇಕಿನಲ್ಲಿ ಚಾರ್ಮಾಡಿ ಇಳಿಯುವುದು. ಕಂಪ್ರೆಸರ್ ಸರಿಮಾಡಲು ಒಂದು ದಿನ ಸಾಕಾಯಿತು.

"ಮೊದಲೇ ಹೇಳಲಿಲ್ಲ ಯಾಕೆ?" ಎಂದು ಧಣಿಗಳು ಹುಡುಗನನ್ನು ಗದರಿಸಿದರು. ಅವನು, "ಯಾರೂ ಕೇಳಲಿಲ್ಲ," ಎಂದ.

ಆ ಮಾತನ್ನು ನಾನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಸೋರಿಕೆಯ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದಿದ್ದವನು ದಿನಾ ತುಂಬಿಸುತ್ತಿದ್ದ ಅವನೇ. ಮನೆಗಳಲ್ಲೂ ಹಾಗೇ. ದುಡ್ಡು ಯಾವ ತಿಂಗಳು ಸಾಲುವುದಿಲ್ಲ, ಗಂಡ ಯಾವ ದಿನ ತಡವಾಗಿ ಬರುತ್ತಾನೆ, ಮಗ ಯಾವ ಸ್ನೇಹಿತ ಬಂದುಹೋದ ಮೇಲೆ ಸುಳ್ಳು ಹೇಳುತ್ತಾನೆ ಎಂಬ ಗೀಟುಗಳೆಲ್ಲ ಇರುವುದು ಕೊರತೆ ತುಂಬಿಸುವವಳ ಹತ್ತಿರ. ಅವಳನ್ನು ಸಹನಾಮಯಿ ಎಂದು ಹೊಗಳುವವರು ಒಂದು ದಿನವೂ ಆ ಮುಚ್ಚಳ ಎತ್ತಿಸಿ ನೋಡುವುದಿಲ್ಲ. ಹೊಗಳಿಕೆ ಎಷ್ಟೋ ಸಲ ಕೇಳದೆ ಇರುವುದಕ್ಕೆ ಕೊಟ್ಟ ಬೆಲೆ.

ಹಾಗೆಂದು ತುಂಬಿಸುವುದೇ ತಪ್ಪು ಎಂದು ನಾನು ಹೇಳಲಾರೆ. ಹುಡುಗ ನೀರು ಹಾಕದಿದ್ದರೆ ಬಸ್ಸು ಗ್ಯಾರೇಜಿನವರೆಗೆ ಬರುತ್ತಲೇ ಇರಲಿಲ್ಲ. ಅವನ ದೊಡ್ಡತನ ಇರುವುದು ನೀರು ಹಾಕಿದ್ದರಲ್ಲಿ ಮಾತ್ರವಲ್ಲ, ಗೀಟು ಹಾಕಿದ್ದರಲ್ಲಿ. ಲೆಕ್ಕವಿಲ್ಲದ ಸಹನೆ ಸೋರಿಕೆಗೆ ಸಹಾಯ ಮಾಡುತ್ತದೆ. ಲೆಕ್ಕ ಇಡುವುದೆಂದರೆ ಹಂಗಿಸುವುದು, ಪ್ರೀತಿ ಇರುವಲ್ಲಿ ಲೆಕ್ಕ ಇರಬಾರದು ಎಂದು ನಮಗೆ ಕಲಿಸಿದ್ದಾರೆ. ಹಂಗಿಸಲು ಇಟ್ಟ ಲೆಕ್ಕ ಬೇರೆ, ಕಾಯಿಲೆ ಎಲ್ಲಿದೆ ಎಂದು ತೋರಿಸಲು ಇಟ್ಟ ಲೆಕ್ಕ ಬೇರೆ.

ಎಲ್ಲ ಸೋರಿಕೆಯೂ ರಿಪೇರಿಯಾಗುವುದಿಲ್ಲ ಎಂಬುದೂ ನಿಜ. ತೀರಾ ಹಳೆಯ ಬಸ್ಸುಗಳು ಬಂದಾಗ ಅಣ್ಣ ಎಲ್ಲ ನೋಡಿ ಮುಗಿಸಿ ಹೇಳುತ್ತಿದ್ದ: "ಇದು ವಾಟರ್ ಪಂಪಿನ ಹನಿ. ದಿನಕ್ಕೆ ಅರ್ಧ ಲೀಟರ್ ಹೋಗಲಿ, ಹಾಕುತ್ತ ಇರಿ, ಬರೆದಿಡಿ. ಒಂದು ಲೀಟರ್ ಆದ ದಿನ ತನ್ನಿ." ಹಾಸಿಗೆ ಹಿಡಿದ ಅತ್ತೆಯನ್ನು, ಮರೆವು ಹತ್ತಿದ ತಂದೆಯನ್ನು ನೋಡಿಕೊಳ್ಳುವ ಅನೇಕ ಹೆಂಗಸರು ಇಂಥ ಅರ್ಧ ಲೀಟರಿನ ಲೆಕ್ಕದಲ್ಲಿ ಬದುಕುತ್ತಿದ್ದಾರೆ. ಅದು ಸೋಲಲ್ಲ. ಎಲ್ಲಿ ಸೋರುತ್ತದೆ ಎಂದು ನೋಡಿ, ತಿಳಿದು, ಒಪ್ಪಿ ಹಾಕುವ ನೀರು ಅದು. ಅರ್ಧ ಲೀಟರು ಒಂದು ಲೀಟರಾದ ದಿನ ಅದನ್ನು ಬಾಯಿಬಿಟ್ಟು ಹೇಳುವ ಹಕ್ಕು ಅವರಿಗಿರಬೇಕು, ಮತ್ತು ಆ ದಿನ ಬರುವ ಮೊದಲೇ ಮನೆಯಲ್ಲಿ ಯಾರಾದರೊಬ್ಬರು ಕೇಳಬೇಕು: "ಎಷ್ಟು ಹಾಕ್ತಿದ್ದಿ ನೀನು, ಎಲ್ಲೆಲ್ಲಿ?"