ಮರಳಿ ಬಂದವನ ಋಣ

ಸ್ಕೂಬಾ ಡೈವಿಂಗ್‌ಗೆ ಹೋದವರೊಬ್ಬರು ಸತ್ತ ಸುದ್ದಿ ಬಂದಾಗ ನಾವು ಮೊದಲು ಹುಡುಕುವುದು ಅವರ ತಪ್ಪನ್ನು. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆಯೆಂದು ನೋಡಿಕೊಳ್ಳಲಿಲ್ಲವಂತೆ, ಜೊತೆಗಾರನನ್ನು ಬಿಟ್ಟು ದೂರ ಹೋದರಂತೆ. ತಪ್ಪು ಸಿಕ್ಕಿದೊಡನೆ ಒಂದು ಬಗೆಯ ಸಮಾಧಾನ: ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಈ ಸಮಾಧಾನಕ್ಕೆ ನಮಗೆ ಹಕ್ಕಿದೆಯೇ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

2018ರಲ್ಲಿ ಹವಾಯಿಯಲ್ಲಿ ಡೈವರ್ ಒಬ್ಬ ರಿಬ್ರೀದರ್ ತರಬೇತಿಯ ವೇಳೆ ತೀರಿಕೊಂಡ. ನೀರಿಗಿಳಿದಾಗ ಅವನ ಉಪಕರಣಕ್ಕೆ ಆಕ್ಸಿಜನ್ ಹರಿಯುತ್ತಿರಲಿಲ್ಲ. ಅದರ ವಾಲ್ವ್ ತೆರೆದಿರಲಿಲ್ಲ. ರಿಬ್ರೀದರ್ ನಾವು ಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡನ್ನು ತೆಗೆದು, ಆಕ್ಸಿಜನ್ ಸೇರಿಸಿ, ಅದೇ ಗಾಳಿಯನ್ನು ಮತ್ತೆ ಕೊಡುವ ಯಂತ್ರ. ಉಸಿರು ಕಟ್ಟಿದಂತೆ ನಮಗೆ ಅನ್ನಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಅದನ್ನು ಯಂತ್ರ ತೆಗೆಯುತ್ತಲೇ ಇರುವುದರಿಂದ, ಆಕ್ಸಿಜನ್ ಮುಗಿಯುತ್ತಿದ್ದರೂ ಉಸಿರಾಟ ಸಲೀಸಾಗಿಯೇ ಇರುತ್ತದೆ. ಮೈ ಯಾವ ಮುನ್ಸೂಚನೆಯನ್ನೂ ಕೊಡದೆ ಪ್ರಜ್ಞೆ ತಪ್ಪುತ್ತದೆ. ಬ್ರಿಟನ್ನಿನ ವಾಯುಪಡೆಯಲ್ಲಿದ್ದ ಗರೆತ್ ಲಾಕ್, ಸತ್ತವನ ಪತ್ನಿಯ ಸಹಕಾರದಿಂದ ಈ ಘಟನೆಯ ಬಗ್ಗೆ ‘ಇಫ್ ಓನ್ಲಿ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದು ಅಪರಾಧಿಯನ್ನು ಹುಡುಕುವುದಿಲ್ಲ. ಆ ಹೊತ್ತಿಗೆ ಅಲ್ಲಿದ್ದವರಿಗೆ ಎಲ್ಲವೂ ಸರಿಯಾಗಿದೆಯೆಂದು ಏಕೆ ಕಂಡಿತು ಎಂದು ಕೇಳುತ್ತದೆ.

ಈ ಕೇಳುವ ರೀತಿಗೆ ಒಂದು ಪರಂಪರೆಯಿದೆ. ಮನೋವಿಜ್ಞಾನಿ ಜೇಮ್ಸ್ ರೀಸನ್, ಅಪಘಾತವನ್ನು ಒಂದರ ಹಿಂದೊಂದು ನಿಲ್ಲಿಸಿದ ತೂತುಬಿದ್ದ ಚೀಸ್ ಹೋಳುಗಳಿಗೆ ಹೋಲಿಸಿದರು. ಎಲ್ಲ ತೂತುಗಳೂ ಒಂದೇ ಸಾಲಿಗೆ ಬಂದ ದಿನ ಅನಾಹುತ. 1986ರ ಚಾಲೆಂಜರ್ ದುರಂತವನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಡಯೇನ್ ವಾನ್, ನಿಯಮ ಮೀರುವುದೇ ಮೆಲ್ಲಗೆ ರೂಢಿಯಾಗುವ ಬಗೆಯನ್ನು ತೋರಿಸಿದರು. ಡೈವಿಂಗ್‌ನಲ್ಲೂ ಹಾಗೆಯೇ. ಸಿಲಿಂಡರಿನಲ್ಲಿ 50 ಬಾರ್ ಒತ್ತಡದಷ್ಟು ಗಾಳಿ ಉಳಿದಿರುವಾಗಲೇ ಮೇಲೆ ಬರಬೇಕೆಂಬುದು ಸಾಮಾನ್ಯ ಪಾಠ. ಒಂದು ದಿನ 40ರಲ್ಲಿ ಬಂದರೆ ಏನೂ ಆಗುವುದಿಲ್ಲ. ಮತ್ತೊಂದು ದಿನ 30. ಏನೂ ಆಗದ ಪ್ರತಿ ದಿನವೂ ಆ ತಪ್ಪಿಗೆ ಒಂದು ಸರ್ಟಿಫಿಕೇಟ್ ಕೊಡುತ್ತಾ ಹೋಗುತ್ತದೆ.

ಇಲ್ಲಿಗೆ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 1976ರಲ್ಲಿ ಚರ್ಚಿಸಿದ ‘ನೈತಿಕ ಅದೃಷ್ಟ’ದ ಪ್ರಶ್ನೆ ಬರುತ್ತದೆ. ಒಂದೇ ದೋಣಿಯಿಂದ ಇಬ್ಬರು ನೀರಿಗಿಳಿಯುತ್ತಾರೆ ಎಂದುಕೊಳ್ಳಿ. ಇಬ್ಬರೂ ಪರಸ್ಪರರ ಉಪಕರಣ ಪರೀಕ್ಷಿಸುವುದನ್ನು ಬಿಟ್ಟಿದ್ದಾರೆ. ಒಬ್ಬ ಮೀನುಗಳ ಫೋಟೊ ತೆಗೆದುಕೊಂಡು ಬರುತ್ತಾನೆ, ಇನ್ನೊಬ್ಬ ಬರುವುದೇ ಇಲ್ಲ. ಮೊದಲನೆಯವನನ್ನು ನಾವು ಅನುಭವಿ ಎನ್ನುತ್ತೇವೆ, ಎರಡನೆಯವನನ್ನು ಬೇಜವಾಬ್ದಾರಿ ಎನ್ನುತ್ತೇವೆ. ಅವರ ನಡತೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಹಾಗಾದರೆ ಯಾರದೂ ತಪ್ಪಿಲ್ಲವೇ? ಹಾಗೆಂದು ನಾನು ಒಪ್ಪಲಾರೆ. ಎಲ್ಲವನ್ನೂ ವ್ಯವಸ್ಥೆಯ ತಲೆಗೆ ಕಟ್ಟಿದರೆ ಮನುಷ್ಯ ಬರೀ ಸೂತ್ರದ ಗೊಂಬೆಯಾಗುತ್ತಾನೆ. ವಾಲ್ವ್ ತೆರೆಯಲು ಮರೆತವನೂ, ತರಬೇತಿಯಿಲ್ಲದವರನ್ನು ತಿಳಿದೂ ತಿಳಿದೂ ನೀರೊಳಗಿನ ಗುಹೆಗೆ ಕರೆದೊಯ್ದವನೂ ಒಂದೇ ಅಲ್ಲ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಮೊದಲ ಸಲ ನೀರಿಗಿಳಿಯುವ ಹುಡುಗಿಗೆ ಯಾವ ಮುಳ್ಳು ಏನು ಹೇಳುತ್ತದೆಂದು ಪೂರ್ತಿ ತಿಳಿದಿರಲಿಕ್ಕಿಲ್ಲ. ಆಕೆ ತನ್ನ ಉಸಿರನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದಾಳೆ. ಯಾರಿಗೆ ಹೆಚ್ಚು ತಿಳಿದಿದೆಯೋ ಅವರ ಹೊಣೆಯೂ ಹೆಚ್ಚು.

ಆದರೆ ಹೊಣೆ ಬೇರೆ, ನಿಂದೆ ಬೇರೆ. ನಿಂದೆಗೆ ಒಬ್ಬ ಮನುಷ್ಯ ಸಿಕ್ಕರೆ ಸಾಕು, ಅಲ್ಲಿಗೆ ಮಾತು ಮುಗಿಯುತ್ತದೆ. ಹೊಣೆ ಹೊತ್ತವನು ನಡೆದದ್ದನ್ನು ಹೇಳಬೇಕಾಗುತ್ತದೆ. ಸತ್ತವರು ಹೇಳಲಾರರು. ಆದ್ದರಿಂದ ಆ ಕೆಲಸ, ಅದೇ ತಪ್ಪು ಮಾಡಿಯೂ ಬದುಕಿ ಬಂದವರ ಪಾಲಿಗೆ ಬರುತ್ತದೆ. ಇವತ್ತು ನನ್ನ ಗಾಳಿ ಮುಗಿಯುವುದರಲ್ಲಿತ್ತು ಎಂದು ದೋಣಿಯಲ್ಲಿ ಒಬ್ಬ ಹೇಳಿದರೆ, ಅವನು ಸತ್ತವನೊಬ್ಬನ ಋಣವನ್ನು ಸ್ವಲ್ಪ ತೀರಿಸಿದಂತೆ ಎಂದು ನನಗನ್ನಿಸುತ್ತದೆ. ಅವನು ಹಾಗೆ ಹೇಳಿದಾಗ ಉಳಿದವರು ನಕ್ಕರೆ, ಮುಂದಿನ ಸಲ ಅವನು ಬಾಯಿ ಬಿಡುವುದಿಲ್ಲ. ಆ ಮೌನದಲ್ಲಿ ನಕ್ಕವರದೂ ಪಾಲಿರುತ್ತದೆ.