ನೂರಕ್ಕೆ ಒಂದೂವರೆ ಪಾಲು

ಪೂರ್ವಾಭಾದ್ರಾ ನಕ್ಷತ್ರವಿರುವ ಪೆಗಾಸಸ್ ಪುಂಜದಲ್ಲಿ ಎಚ್‌ಡಿ 209458 ಎಂಬ ತಾರೆಯಿದೆ. ಬರಿಗಣ್ಣಿಗೆ ಕಾಣದು, ಬೈನಾಕ್ಯುಲರ್‌ಗೆ ಕಂಡೀತು. ಮೂರೂವರೆ ದಿನಕ್ಕೊಮ್ಮೆ, ಸುಮಾರು ಮೂರು ಗಂಟೆಯ ಕಾಲ, ಅದರ ಬೆಳಕು ನೂರಕ್ಕೆ ಒಂದೂವರೆ ಪಾಲಿನಷ್ಟು ತಗ್ಗುತ್ತದೆ. ಅಷ್ಟೇ. ಆದರೆ ಅಷ್ಟರಿಂದಲೇ ಮನುಷ್ಯ ಏನೆಲ್ಲ ತಿಳಿದ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ತಗ್ಗನ್ನು 1999ರ ಸೆಪ್ಟೆಂಬರಿನಲ್ಲಿ ಹಿಡಿದದ್ದು ಬರೀ 10 ಸೆಂಟಿಮೀಟರ್ ಅಗಲದ ದೂರದರ್ಶಕ. ಅಮೆರಿಕದ ಬೌಲ್ಡರ್ ಊರಿನಲ್ಲಿ, ಕಾರು ನಿಲ್ಲಿಸುವ ಬಯಲಲ್ಲಿ ಅದನ್ನಿಟ್ಟುಕೊಂಡು ನೋಡುತ್ತಿದ್ದವರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಡೇವಿಡ್ ಶಾರ್ಬೊನೊ. ಜೊತೆಗಿದ್ದವರು ಟಿಮೊತಿ ಬ್ರೌನ್. ಅದೇ ವರ್ಷ ಗ್ರೆಗರಿ ಹೆನ್ರಿಯವರ ತಂಡವೂ ಬೇರೆಯಾಗಿ ಇದನ್ನು ಕಂಡಿತು. ನಮ್ಮ ವಾತಾವರಣವೇ ತಾರೆಗಳನ್ನು ಸದಾ ಮಿನುಗಿಸುತ್ತಿರುವಾಗ ಇಷ್ಟು ಸಣ್ಣ ಇಳಿತವನ್ನು ನಂಬುವುದು ಹೇಗೆ? ಅಕ್ಕಪಕ್ಕದ ತಾರೆಗಳನ್ನೂ ಜೊತೆಗೇ ಅಳೆಯುತ್ತಾರೆ. ದೀಪೋತ್ಸವದ ಸಾಲಿನಲ್ಲಿ ಗಾಳಿ ಬೀಸಿದರೆ ಎಲ್ಲ ದೀಪಗಳೂ ಅಲುಗುತ್ತವೆ. ಒಂದೇ ಮಂಕಾದರೆ ಕಾರಣ ಗಾಳಿಯಲ್ಲ.

ತಾರೆಯನ್ನು ಸುತ್ತುವ ಗ್ರಹವೊಂದು ನಮಗೂ ಅದಕ್ಕೂ ನಡುವೆ ಹಾಯುವುದೇ ಈ ಇಳಿತಕ್ಕೆ ಕಾರಣ; ಹೀಗೆ ಹಾಯುವುದೇ ಸಂಕ್ರಮ. ಇಳಿತದ ಆಳದಿಂದ ಗ್ರಹದ ಗಾತ್ರ ಸಿಗುತ್ತದೆ: ತಾರೆಯ ಬಿಲ್ಲೆಯಲ್ಲಿ ಎಷ್ಟು ಪಾಲು ಮುಚ್ಚಿತೋ ಅಷ್ಟು ಬೆಳಕು ಕಡಿಮೆ. ಇಲ್ಲಿ ಗ್ರಹದ ಅಗಲ ತಾರೆಯ ಅಗಲದ ಎಂಟನೇ ಒಂದು ಭಾಗ. ತಗ್ಗಿನ ತಳವೂ ಚಪ್ಪಟೆಯಲ್ಲ, ತುಸು ದುಂಡಗೆ. ತಾರೆಯ ಬಿಲ್ಲೆ ನಡುವಿಗಿಂತ ಅಂಚಿನಲ್ಲಿ ಮಬ್ಬಾಗಿರುವುದು ಅದಕ್ಕೆ ಕಾರಣ. ಗ್ರಹದ ಸೆಳೆತಕ್ಕೆ ತಾರೆ ಹಿಂದೆ ಮುಂದೆ ತೂಗುವುದನ್ನು ಅಳೆದು ಗ್ರಹದ ತೂಕ ಮೊದಲೇ ಅಂದಾಜಾಗಿತ್ತು. ಗಾತ್ರವೂ ಸಿಕ್ಕಮೇಲೆ ತಿಳಿದದ್ದು: ಗುರುವಿಗಿಂತ ದೊಡ್ಡದು, ಗುರುವಿಗಿಂತ ಹಗುರ, ಸಾಂದ್ರತೆ ನೀರಿನ ಮೂರನೇ ಒಂದು ಪಾಲಿನಷ್ಟು! 2001ರಲ್ಲಿ ಹಬಲ್ ದೂರದರ್ಶಕದ ಅಳತೆಗಳು ಇನ್ನೂ ಒಳಕ್ಕೆ ಹೋದವು. ಸೋಡಿಯಂ ಹೀರುವ ಹಳದಿ ಬಣ್ಣದಲ್ಲಿ ಆ ತಗ್ಗು 10,000ಕ್ಕೆ ಎರಡು ಪಾಲಿನಷ್ಟು ಹೆಚ್ಚು ಆಳವಾಗಿತ್ತು. ಗ್ರಹದ ಸುತ್ತ ವಾತಾವರಣವಿದೆ, ಅದರಲ್ಲಿ ಸೋಡಿಯಂ ಇದೆ. ಯಾರೂ ನೋಡದ ಲೋಕವೊಂದರ ಗಾಳಿಯಲ್ಲಿ ನಮ್ಮ ಉಪ್ಪಿನೊಳಗಿನ ಧಾತು!

ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆ ಮಾತು. ಆ ಗ್ರಹದ ಪಾಲಿಗೆ ಸಂಕ್ರಮ ಎಂಬುದೇ ಇಲ್ಲ. ಅದು ತನ್ನ ಪಾಡಿಗೆ ಸುತ್ತುತ್ತಿದೆ. ಅದರ ಪಥ, ಸುಮಾರು 160 ಜ್ಯೋತಿರ್ವರ್ಷ ದೂರದ ನಮ್ಮ ನೇರಕ್ಕೆ ಬಂದದ್ದರಿಂದ ಮಾತ್ರ ಬೆಳಕು ತಗ್ಗಿತು. ತಾರೆಗೆ ಇಷ್ಟು ಹತ್ತಿರದ ಗ್ರಹಗಳಲ್ಲೂ ಹತ್ತರಲ್ಲಿ ಒಂದು ಮಾತ್ರ ಹೀಗೆ ನೇರಕ್ಕೆ ಬರುತ್ತದೆ. ಉಳಿದವು ಇದೇ ಬಗೆಯವಾದರೂ ಈ ದಾರಿಯಲ್ಲಿ ಗುರುತು ಕೊಡವು.

ನಾವೂ ಹಾಗೆಯೇ. ಭೂಮಿ ಸೂರ್ಯನನ್ನು ದಾಟುವುದು ಕಾಣಬೇಕಾದರೆ, ನಮ್ಮ ರಾಶಿಗಳ ನಡುವೆ ಹಾಯುವ ಕ್ರಾಂತಿವೃತ್ತದ ಕಿರಿದಾದ ಪಟ್ಟಿಯಲ್ಲೇ ಇರಬೇಕು. ಅಲ್ಲಿ ಯಾರಾದರೂ ಇದ್ದರೆ ಅವರಿಗೆ ಕಾಣುವುದು ವರ್ಷಕ್ಕೊಮ್ಮೆ, ಹೆಚ್ಚೆಂದರೆ 13 ಗಂಟೆ, ಸೂರ್ಯನ ಬೆಳಕಿನಲ್ಲಿ 12,000ದಲ್ಲಿ ಒಂದು ಪಾಲಿನ ಇಳಿತ. ಮೂರು ಬಾರಿ ಕಂಡಮೇಲೆಯೇ ನಂಬುವ ನಮ್ಮ ಖಗೋಳಜ್ಞರ ಎಚ್ಚರ ಅವರಿಗೂ ಇದ್ದರೆ, ಮೊದಲ ಇಳಿತ ಕಂಡಮೇಲೂ ಭೂಮಿ ಇದೆಯೆಂದು ಒಪ್ಪಲು ಅವರು ಇನ್ನೆರಡು ವರ್ಷ ಕಾಯಬೇಕು.