ನುಡಿ ಮತ್ತು ಬರಹ

ವಚನವೆಂದರೆ ಮಾತು, ಕೊಟ್ಟ ಭಾಷೆಯೆಂಬ ಅರ್ಥವೂ ಅದಕ್ಕುಂಟು. ಶಿವಶರಣರ ಅನುಭಾವವು ಈ ಹೆಸರಿನಿಂದಲೇ ಲೋಕದಲ್ಲಿ ನಿಂತುದು ಅರ್ಥಗರ್ಭಿತವಾಗಿದೆ. 12ನೆಯ ಶತಮಾನದ ಕಲ್ಯಾಣದಲ್ಲಿ ನುಡಿದವನು ಕೇಳುವವರ ಕಣ್ಣೆದುರಿಗೇ ಇದ್ದನು. ಅವನ ಕಾಯಕವೆಂತಹುದು, ದಾಸೋಹವೆಂತಹುದು ಎಂಬುದನ್ನು ನೆರೆಹೊರೆಯವರು ಬಲ್ಲವರಾಗಿದ್ದರು. ನುಡಿ ಹುಸಿಯೆನಿಸಿದರೆ ಕೇಳಿದವನೇ ತಡೆದು ಪ್ರಶ್ನಿಸಬಹುದಾಗಿತ್ತು. ಬರಹಕ್ಕೆ ಈ ಭಾಗ್ಯವಿಲ್ಲ. ಓಲೆಯು ಪ್ರಶ್ನೆಗೆ ಉತ್ತರ ಕೊಡದು. ಬರೆದವನ ನಡೆ ಅದರಲ್ಲಿ ಕಾಣದು.

ಹಾಗೆಂದು ಬರಹವನ್ನು ಕೀಳೆನ್ನಬಹುದೇ? ಕಲ್ಯಾಣದ ಶರಣರು ಚದುರಿದ ಮೇಲೆ ಅವರ ನುಡಿಗೆ ಆಶ್ರಯವಾದುದು ಓಲೆಗರಿಯೇ. ವಚನದ ಕಟ್ಟುಗಳನ್ನು ಹೊತ್ತು ಶರಣರು ಚೆನ್ನಬಸವಣ್ಣನವರೊಡನೆ ಉಳವಿಯತ್ತ ನಡೆದರೆಂದು ಪರಂಪರೆ ಹೇಳುತ್ತದೆ. ಆ ಗರಿಯಾದರೂ ಶಾಶ್ವತವೇ? ತೇವಕ್ಕೂ ಹುಳುವಿಗೂ ತುತ್ತಾಗುವ ಅದನ್ನು ಕೆಲವು ತಲೆಮಾರುಗಳಿಗೊಮ್ಮೆ ಹೊಸ ಗರಿಗೆ ಇಳಿಸಲೇಬೇಕು. ಕಂಟದಿಂದ ಅಕ್ಷರ ಕೊರೆದು, ಕಾಡಿಗೆ ಸವರಿ, ಒರೆಸಿ, ಮತ್ತೊಂದು ಗರಿಗೆ ಕೈಯಿಟ್ಟ ಲಿಪಿಕಾರರಲ್ಲಿ ಹೆಚ್ಚಿನವರ ಹೆಸರು ಯಾರಿಗೂ ತಿಳಿಯದು. ಅದನ್ನು ಕಾಯಕವೆನ್ನದೆ ಮತ್ತೇನೆನ್ನುವುದು? 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಇನ್ನೂ ಒಂದು ಹೆಜ್ಜೆ ಮುಂದಿಟ್ಟನು. ಬಿಡಿಬಿಡಿಯಾಗಿದ್ದ ವಚನಗಳನ್ನು ಆಯ್ದು, ಅಲ್ಲಮಪ್ರಭುವಿನೊಡನೆ ಶರಣರು ನಡೆಸಿದ ಸಂವಾದವಾಗಿ 'ಶೂನ್ಯಸಂಪಾದನೆ'ಯಲ್ಲಿ ಜೋಡಿಸಿದನು. ಬರಹದಲ್ಲಿ ಕಳೆದುಹೋಗಿದ್ದ ಪ್ರಶ್ನಿಸುವವನು ಅಲ್ಲಿ ಮರಳಿ ಬಂದನು.

ಬರಹಕ್ಕೆ ಮತ್ತೊಂದು ವಿಪತ್ತುಂಟು. ಅದು ಭಕ್ತಿಯ ವೇಷದಲ್ಲಿಯೇ ಬರುತ್ತದೆ. ಎಷ್ಟೋ ಮನೆಗಳಲ್ಲಿ ಓಲೆಯ ಕಟ್ಟುಗಳು ಜಗಲಿಯ ಮೇಲೆ ಕುಳಿತು ವಿಭೂತಿ, ಪತ್ರೆಗಳನ್ನು ಪಡೆದುವೇ ಹೊರತು ಅವುಗಳ ದಾರವನ್ನು ಬಿಚ್ಚಿದವರಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಓಲೆಯ ಕಟ್ಟುಗಳನ್ನು ಅರಸಿ ತಂದು, ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ವಚನವು ಅಕ್ಷರ ಬಲ್ಲ ಸಾಮಾನ್ಯ ಗೃಹಸ್ಥನ ಕೈಗೆ ಬಂದಿತು.

ಕೈಗೇನೋ ಬಂದಿತು. ಆದರೆ ಅಚ್ಚಿನ ವಚನವನ್ನು ಏಕಾಂತದಲ್ಲಿ ಓದಿ ತಲೆದೂಗುವುದು ಸುಲಭ. ಅಲ್ಲಿ ಓದುವವನ ನಡೆಯನ್ನು ಕೇಳುವವರಿಲ್ಲ. ಸಂಜೆ ಲಿಂಗಪೂಜೆ ಮುಗಿದ ಮೇಲೆ ಮನೆಯವರ ಮುಂದೆ ಗಟ್ಟಿಯಾಗಿ ಓದುವಾಗ ಸಂಗತಿಯೇ ಬೇರೆ. ಅನ್ಯಾಯದ ಗಳಿಕೆಯನ್ನು ಖಂಡಿಸುವ ವಚನ ಬಂದಾಗ ಅಂಗಡಿಯ ಯಜಮಾನನ ಧ್ವನಿ ಒಂದು ಕ್ಷಣ ತಡೆಯುತ್ತದೆ. ಅವನ ತಕ್ಕಡಿಯನ್ನು ಬಲ್ಲ ಮಗನು ಎದುರಿಗೇ ಕುಳಿತಿರುತ್ತಾನೆ.